ಸ್ಟಾರ್ ಟ್ರೆಕ್ ಮೇಲೆ ಇಷ್ಟೊಂದು ಪ್ರೀತಿ, ಇಷ್ಟೊಂದು ಮುನಿಸು ಏಕೆ?

ಬಾಹ್ಯಾಕಾಶ ಪಯಣದ ಕಥೆ ಹೇಳುವ ಅಮೆರಿಕದ ಟಿವಿ ಸರಣಿಮಾಲೆ ಸ್ಟಾರ್ ಟ್ರೆಕ್‌ನ ಅಭಿಮಾನಿಗಳೇ ಅದರ ಹೊಸ ಸರಣಿಗಳನ್ನು ಏಕೆ ಬೈಯುತ್ತಾರೆ, ಹೊಸಬರು ಎಲ್ಲಿಂದ ನೋಡಲು ಆರಂಭಿಸಬೇಕು ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಒಂದೇ ಕಂತಿನಲ್ಲಿದೆ: 1989ರಲ್ಲಿ ಪ್ರಸಾರವಾದ, 'ದಿ ನೆಕ್ಸ್ಟ್ ಜನರೇಷನ್' ಸರಣಿಯ 'ದಿ ಮೆಷರ್ ಆಫ್ ಎ ಮ್ಯಾನ್'.

ಡೇಟಾ ಎಂಬ ಯಂತ್ರಮಾನವ ಬಾಹ್ಯಾಕಾಶ ಪಡೆಯ ನೌಕೆಯೊಂದರಲ್ಲಿ ಅಧಿಕಾರಿ. ಅವನಂಥವರನ್ನು ಇನ್ನಷ್ಟು ತಯಾರಿಸುವ ಆಸೆಯಿಂದ ವಿಜ್ಞಾನಿಯೊಬ್ಬ ಅವನನ್ನು ಬಿಚ್ಚಿ ನೋಡಲು ಬರುತ್ತಾನೆ. ಡೇಟಾ ಒಪ್ಪುವುದಿಲ್ಲ. ಒಪ್ಪದಿರುವ ಹಕ್ಕು ಅವನಿಗಿದೆಯೇ, ಇಲ್ಲವೇ ಅವನು ಪಡೆಯ ಸ್ವತ್ತೇ? ವಿಚಾರಣೆ ನಡೆಯುತ್ತದೆ. ಅವನ ಗೆಳೆಯ ರೈಕರ್‌ಗೇ ಎದುರು ವಾದಿಸುವ ಹೊಣೆ ಬೀಳುತ್ತದೆ. ಮನಸ್ಸಿಲ್ಲದಿದ್ದರೂ ಅವನು ಪ್ರಾಮಾಣಿಕವಾಗಿಯೇ ವಾದಿಸುತ್ತಾನೆ, ಡೇಟಾನ ಬೆನ್ನಿನ ಗುಂಡಿ ಒತ್ತಿ ಎಲ್ಲರೆದುರು ಅವನನ್ನು ನಿಲ್ಲಿಸಿಬಿಡುತ್ತಾನೆ. ಇಂಥವರನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸಿ ದುಡಿಸಿಕೊಂಡರೆ ಅದು ಗುಲಾಮಗಿರಿಯಲ್ಲವೇ ಎಂದು ಕ್ಯಾಪ್ಟನ್ ಪಿಕಾರ್ಡ್ ಕೇಳುತ್ತಾನೆ. ಡೇಟಾನಿಗೆ ಆತ್ಮವಿದೆ ಎಂದು ನ್ಯಾಯಾಧೀಶೆ ಹೇಳುವುದಿಲ್ಲ. ಆ ಪ್ರಶ್ನೆಯನ್ನು ಅವನೇ ಶೋಧಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿರಬೇಕು ಎನ್ನುತ್ತಾಳೆ. ಯುದ್ಧವಿಲ್ಲ, ಸ್ಫೋಟವಿಲ್ಲ. ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ವಕೀಲೆಯಾಗಿದ್ದವರು. ಆ ತರಬೇತಿ ಪ್ರತಿ ಮಾತಿನಲ್ಲೂ ಕಾಣುತ್ತದೆ. ಕೃತಕ ಬುದ್ಧಿಮತ್ತೆಯ ಕುರಿತು ಇಂದು ನಡೆಯುವ ಚರ್ಚೆಗಳನ್ನು ಕೇಳುವಾಗಲೆಲ್ಲ ನನಗೆ ಈ ಕಂತು ನೆನಪಾಗುತ್ತದೆ.

ನಾನು ಸ್ಟಾರ್ ಟ್ರೆಕ್‌ಗೆ ಮನಸೋತದ್ದು ಇದಕ್ಕೇ. ಜಾಣರು ಕೂತು ಮಾತನಾಡಿ, ಭಿನ್ನಮತವಿದ್ದೂ ಒಬ್ಬರನ್ನೊಬ್ಬರು ಗೌರವಿಸಿ, ಒಂದು ನಿರ್ಧಾರಕ್ಕೆ ಬರುವುದನ್ನು ನೋಡುವ ಸಂತೋಷ ಬೇರೆಲ್ಲೂ ನನಗೆ ಇಷ್ಟು ಸಿಕ್ಕಿಲ್ಲ. 2017ರಲ್ಲಿ ಶುರುವಾದ 'ಡಿಸ್ಕವರಿ'ಯಲ್ಲಿ ಆ ಮಾತಿಗೆ ಬಿಡುವೇ ಇಲ್ಲ. ಅದರ ಎರಡನೇ ಸೀಸನ್ನಿನಲ್ಲಿ ಕೃತಕ ಬುದ್ಧಿಯೊಂದು ನಕ್ಷತ್ರಪುಂಜದ ಜೀವಿಗಳನ್ನೆಲ್ಲ ಅಳಿಸಲು ಹೊರಡುತ್ತದೆ. ನಾಲ್ಕನೆಯದರಲ್ಲಿ ಗ್ರಹಗಳನ್ನೇ ನುಂಗುವ ವಿದ್ಯಮಾನ. ಸದಾ ಪ್ರಳಯವೇ ಎದುರಿದ್ದರೆ ಒಬ್ಬ ಡೇಟಾನ ಹಕ್ಕಿನ ಬಗ್ಗೆ ಯೋಚಿಸಲು ಯಾರಿಗೆ ಪುರುಸೊತ್ತು? ಹಿಂದೆ ಸೀಸನ್ನಿಗೆ ಸುಮಾರು 26 ಕಂತುಗಳಿರುತ್ತಿದ್ದವು. ಅವುಗಳಲ್ಲಿ ಜೊಳ್ಳೂ ಬೇಕಾದಷ್ಟಿತ್ತು, ನಿಜ. ಆದರೆ ನಿಧಾನವಾದ ಕಥೆಗೂ ಜಾಗವಿತ್ತು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಭಾರತೀಯನಾಗಿ ಒಂದು ನೋವು ಮಾಸಿಲ್ಲ. 1967ರಲ್ಲಿ ಮೂಲ ಸರಣಿಯಲ್ಲಿ ಬಂದ ಖಳನಾಯಕ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದವನು, ಪ್ರಾಯಶಃ ಸಿಖ್ ಎಂದು ಕಥೆಯೇ ಹೇಳುತ್ತದೆ. ಆ ಪಾತ್ರವನ್ನು ಮೆಕ್ಸಿಕೊದ ರಿಕಾರ್ಡೊ ಮೊಂಟಲ್ಬಾನ್ ಮಾಡಿದರು, ಅದ್ಭುತವಾಗಿಯೇ ಮಾಡಿದರು. 2013ರ ಚಲನಚಿತ್ರದಲ್ಲಿ ಅದು ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಪಾಲಾಯಿತು. 1979ರ ಮೊದಲ ಚಲನಚಿತ್ರದಲ್ಲಿ ಮುಂಬೈಯ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ನಟಿಸಿದ್ದರು, ಅದೂ ಅನ್ಯಗ್ರಹದವಳಾಗಿ. 1967ರ ಆಯ್ಕೆಯನ್ನು ಆ ಕಾಲದ ಮಿತಿ ಎಂದು ಬಿಡಬಹುದು. 2013ರದ್ದನ್ನು ನಾನು ಕ್ಷಮಿಸಿಲ್ಲ.

ಹಾಗಿದ್ದೂ ಹೊಸದನ್ನು ಏಕೆ ನೋಡುತ್ತೇನೆಂದರೆ, 2023ರಲ್ಲಿ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಸರಣಿಯಲ್ಲಿ ಮತ್ತೆ ಒಂದು ನ್ಯಾಯಾಲಯದ ಕಂತು ಬಂತು. ಜನ್ಮಮೂಲವನ್ನು ಮುಚ್ಚಿಟ್ಟು ಸೇವೆಗೆ ಸೇರಿದ ಅಧಿಕಾರಿ ಉನಾಳ ವಿಚಾರಣೆ ಅದು. ಅವಳ ಪರ ವಕೀಲೆ ಕಾನೂನಿನ ಪುಸ್ತಕದೊಳಗಿಂದಲೇ ದಾರಿ ಹುಡುಕುತ್ತಾಳೆ, ಉನಾ ಆಶ್ರಯ ಬೇಡಿ ಬಂದವಳು ಎಂದು ಸಾಧಿಸುತ್ತಾಳೆ. ನೋಡುತ್ತ ನನ್ನ ಕಣ್ಣು ತುಂಬಿತು.

ನೀವು ಮೊದಲು ಈ ಎರಡು ಕಂತುಗಳನ್ನು ನೋಡಿ. ಹಿಡಿಸಿದರೆ 'ನೆಕ್ಸ್ಟ್ ಜನರೇಷನ್' ಅನ್ನು ಮೂರನೇ ಸೀಸನ್ನಿನಿಂದ ಆರಂಭಿಸಿ, ಆಮೇಲೆ 'ಡೀಪ್ ಸ್ಪೇಸ್ ನೈನ್'ಗೆ ಬನ್ನಿ. 'ನೆಕ್ಸ್ಟ್ ಜನರೇಷನ್'ನ ಮೊದಲ ಸೀಸನ್ನಿನ 'ಕೋಡ್ ಆಫ್ ಆನರ್' ಕಂತನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಕಪ್ಪು ಜನರನ್ನು ಅದು ತೋರಿಸಿರುವ ರೀತಿ ಈ ಸರಣಿಯ ಹೆಸರಿಗೇ ಕಳಂಕ.