ಪಕ್ಕದವರು ನಡುಗೋಡೆಯ ಮೇಲೆ ಮಹಡಿ ಎಬ್ಬಿಸಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿದ್ದು ಹೀಗೆ: ಕಲಬುರಗಿಯ ಶಹಾಬಜಾರಿನಲ್ಲಿ ಅಜ್ಜನ ಕಾಲದ ಮನೆ, ನಿಮಗೂ ಪಕ್ಕದವರಿಗೂ ಒಂದೇ ನಡುಗೋಡೆ. ಅವರು ತಮ್ಮ ಮನೆಯನ್ನು ಕೆಡವಿ ಮೂರಂತಸ್ತು ಕಟ್ಟಲು ಹೊರಟಿದ್ದಾರೆ. ಪಾಲಿಕೆಯ ಪರವಾನಗಿ ಇರುವುದರಿಂದ ನಿಮ್ಮನ್ನು ಕೇಳಬೇಕಾಗಿಲ್ಲ ಎನ್ನುತ್ತಿದ್ದಾರೆ.

ಕೇಳಲೇಬೇಕು. ಪರವಾನಗಿ ಕೊಡುವಾಗ ಪಾಲಿಕೆ ನೋಡುವುದು ನಕ್ಷೆ, ಎತ್ತರ, ಬಿಡಬೇಕಾದ ಜಾಗ ಇಂಥವನ್ನು. ಗೋಡೆ ಯಾರದು ಎಂದು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಮನೆಗಳವರು ಪರವಾನಗಿಯ ಕಾಗದ ಕಂಡೊಡನೆ ಸುಮ್ಮನಾಗಿಬಿಡುತ್ತಾರೆ. ನನಗೆ ಅದು ನಿಜಕ್ಕೂ ಸಂಕಟದ ವಿಷಯ.

ನಾನು ವಕೀಲನಲ್ಲ. ಬ್ರಹ್ಮಪುರದ ನಮ್ಮ ಹಳೆಯ ಮನೆಗೆ ಇದೇ ತಾಪತ್ರಯ ಬಂದಾಗ ಓಡಾಡಿ ಕಲಿತಿದ್ದನ್ನು ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ನಿಮ್ಮ ಖರೀದಿ ಪತ್ರವನ್ನು ಹೊರತೆಗೆಯಿರಿ. ನಮ್ಮದು ನಿಜಾಮರ ಕಾಲದ್ದು, ಪೂರ್ತಿ ಉರ್ದುವಿನಲ್ಲಿತ್ತು. ಟ್ರಂಕಿನಲ್ಲಿ ಮಡಚಿಟ್ಟು ಮಡಿಕೆಗಳೆಲ್ಲ ಹರಿದಿದ್ದವು. ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ. ನಿವೃತ್ತ ಉರ್ದು ಶಿಕ್ಷಕರೊಬ್ಬರು ಚತುಃಸೀಮೆಯ, ಅಂದರೆ ನಾಲ್ಕೂ ದಿಕ್ಕಿನ ಗಡಿ ಬರೆದಿರುವ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಬಂದು, ಉತ್ತರ ದಿಕ್ಕಿಗೆ ‘ದೀವಾರ್-ಎ-ಮುಷ್ತರಕಾ’ ಎಂದು ನಿಲ್ಲಿಸಿದರು. ಎಂದರೆ ಇಬ್ಬರಿಗೂ ಸೇರಿದ ಗೋಡೆ. ಕನ್ನಡ ಪತ್ರಗಳಲ್ಲಿ ಇದನ್ನೇ ‘ಸಾಮಾಯಿಕ ಗೋಡೆ’ ಎಂದು ಬರೆದಿರುತ್ತಾರೆ. ಆ ಎರಡು ಪದ ಸಿಕ್ಕ ಮೇಲೆ ನಮ್ಮ ವಾದಕ್ಕೆ ಕಾಲು ಬಂತು. ಪತ್ರದಲ್ಲಿ ಏನೂ ಇರದಿದ್ದರೆ, ಎರಡೂ ಕಡೆಯ ತೊಲೆಗಳು ಗೋಡೆಯ ಮೇಲೆ ಕುಳಿತಿವೆಯೇ, ಎರಡೂ ಮನೆಯವರು ಅದನ್ನು ಬಳಸುತ್ತಾ ಬಂದಿದ್ದಾರೆಯೇ ನೋಡಿ. ಹಾಗಿದ್ದರೆ, ಬೇರೆ ಪುರಾವೆ ಸಿಗುವವರೆಗೆ ನ್ಯಾಯಾಲಯಗಳು ಅದನ್ನು ಜಂಟಿ ಗೋಡೆ ಎಂದೇ ಭಾವಿಸುವುದು ವಾಡಿಕೆ. ನಗರ ಭೂಮಾಪನದ ದಾಖಲೆಯ ನಕಲನ್ನೂ ಪಡೆಯಿರಿ.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ 1996ರ ಕಾಯ್ದೆಯೊಂದಿದೆ. ನಡುಗೋಡೆ ಮುಟ್ಟುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು. ಅದನ್ನು ಓದಿ ನಮ್ಮಲ್ಲೂ ಹಾಗೇ ಎಂದುಕೊಳ್ಳಬೇಡಿ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ, ತೀರ್ಪುಗಳೇ ಆಧಾರ. ಜಂಟಿ ಗೋಡೆಯನ್ನು ಒಬ್ಬರೇ ತಮ್ಮ ಇಷ್ಟದಂತೆ ಎತ್ತರಿಸುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ 1895ರಲ್ಲೇ ಹೇಳಿದೆ. ಗೋಡೆ ಪೂರ್ತಿ ಅವರದೇ ಎಂದಾದರೂ, 20 ವರ್ಷ ನಿಮ್ಮ ಮನೆ ಅದರ ಆಸರೆಯನ್ನು ಹಕ್ಕಿನಿಂದ, ತಕರಾರಿಲ್ಲದೆ ಪಡೆದಿದ್ದರೆ ಆ ಆಸರೆಯ ಹಕ್ಕನ್ನು ನೀವು ಕೇಳಬಹುದು.

ಈಗ ಎರಡು ಕೆಲಸ ತಡಮಾಡದೆ ಮಾಡಿ. ಮೊದಲನೆಯದು, ಗೋಡೆಯ ಈಗಿನ ಸ್ಥಿತಿಯ ದಾಖಲೆ. ನಮ್ಮದು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಗೋಡೆಗಳು ತಾವಾಗಿಯೂ ಸೀಳುತ್ತವೆ. ‘ಆ ಬಿರುಕು ಮೊದಲೇ ಇತ್ತು’ ಎಂದು ಅವರು ಹೇಳಿಯೇ ಹೇಳುತ್ತಾರೆ. ನಮ್ಮ ಎಂಜಿನಿಯರ್ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ಫೋಟೊ ತೆಗೆದರು. ಪಕ್ಕದಲ್ಲಿ ಪಾಯ ಅಗೆಯಲು ಶುರುಮಾಡಿದ ನಾಲ್ಕನೆಯ ದಿನ ಗಾಜು ನಡುವೆ ಒಡೆದಿತ್ತು. ಅಷ್ಟು ಹೊತ್ತಿಗೆ ನಾವು ಬಾಯಲ್ಲಿ ಹೇಳಿದ್ದ ಯಾವ ಮಾತಿಗೂ ಇರದ ತೂಕ ಆ ಒಡೆದ ಗಾಜಿಗೆ ಬಂತು.

ಎರಡನೆಯದು, ಲಿಖಿತ ಆಕ್ಷೇಪಣೆ. ಪಕ್ಕದವರಿಗೆ ವಕೀಲರ ಮೂಲಕ ನೋಟಿಸ್, ಪಾಲಿಕೆಗೆ ಸ್ವೀಕೃತಿ ಪಡೆದು ಅರ್ಜಿ. ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು, ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಕೆಲಸ ಮುಂದುವರಿದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಜೊತೆಗೇ ಕೋರ್ಟ್ ಕಮಿಷನರ್ ಬಂದು ಸ್ಥಳ ನೋಡಿ ವರದಿ ಕೊಡಲಿ ಎಂದೂ ಅರ್ಜಿ ಹಾಕಿಸಿ. ಮೂರನೆಯ ಅಂತಸ್ತಿನ ಸ್ಲ್ಯಾಬ್ ಬಿದ್ದ ಮೇಲೆ ಹೋದರೆ, ಇಷ್ಟು ದಿನ ಏಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಇಷ್ಟೆಲ್ಲ ಹೇಳಿದರೂ, ನನ್ನ ಮನಸ್ಸು ರಾಜಿಯ ಕಡೆಗೇ. ಒಂದೇ ಓಣಿಯಲ್ಲಿ ಬಾಳಬೇಕಾದವರು ನೀವು. ನಮ್ಮ ಪ್ರಕರಣ ಲೋಕ ಅದಾಲತ್‌ನಲ್ಲಿ ಮುಗಿಯಿತು. ಅಲ್ಲಿನ ರಾಜಿಗೆ ಡಿಕ್ರಿಯ, ಅಂದರೆ ಸಿವಿಲ್ ನ್ಯಾಯಾಲಯದ ತೀರ್ಪಿನ ಬಲವಿದೆ, ಮೇಲ್ಮನವಿ ಇಲ್ಲ. ನೀವಿಬ್ಬರೇ ಒಪ್ಪಂದ ಮಾಡಿಕೊಂಡು ಗೋಡೆಯ ಹಕ್ಕನ್ನು ಬಿಡುವುದೋ ಪಡೆಯುವುದೋ ಇದ್ದರೆ ನೋಟರಿ ಸಹಿಗೆ ನಿಲ್ಲಬೇಡಿ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ನಾವು ಒಪ್ಪಿಕೊಂಡಿದ್ದು ಹೀಗೆ: ಅವರು ನಡುಗೋಡೆಯನ್ನು ಮುಟ್ಟದೆ ತಮ್ಮ ಜಾಗದೊಳಗೇ ಕಾಲಂ ನಿಲ್ಲಿಸಬೇಕು, ಒಂದೇ ಸಲಕ್ಕೆ ಉದ್ದಕ್ಕೂ ಪಾಯ ಅಗೆಯದೆ ತುಂಡು ತುಂಡಾಗಿ ಅಗೆಯಬೇಕು, ನಮ್ಮ ಬಿರುಕುಗಳನ್ನು ಅವರ ಖರ್ಚಿನಲ್ಲಿ ಸರಿಪಡಿಸಬೇಕು. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಉಳಿದ ಸಂದಿಗೆ ಮಳೆನೀರು ಇಳಿದರೆ ಮಣ್ಣಿನ ಗೋಡೆ ಒಳಗಿಂದಲೇ ಕರಗುತ್ತದೆ. ಹಾಗಾಗಿ ಅದರ ಮೇಲೆ ಶಹಾಬಾದ್ ಕಲ್ಲು ಹೊದಿಸಬೇಕೆಂದೂ ಬರೆಸಿದೆವು. ನಿಮ್ಮ ಕರಾರಿನಲ್ಲಿ ಆ ಸಾಲು ಬಿಟ್ಟುಹೋಗದಂತೆ ನೋಡಿಕೊಳ್ಳಿ.