ಒಂಬತ್ತು ವರ್ಷದ ಮಗಳಿಗೆ ಆನ್‌ಲೈನ್ ಗಿಫ್ಟೆಡ್ ಪ್ರೋಗ್ರಾಂ ಬೇಕಾ? ಬೇಕಿದ್ದರೆ ಯಾವುದನ್ನ ನೋಡಿ ಆರಿಸಬೇಕು?

ಮಗಳು ಶಾಲೆಯ ಗಣಿತವನ್ನ ಬೇಗ ಮುಗಿಸಿ ಸುಮ್ಮನೆ ಕೂರುತ್ತಾಳೆ, ಒಂದು ಕಂಪನಿಯ ಉಚಿತ ಪರೀಕ್ಷೆಯಲ್ಲಿ ‘ಗಿಫ್ಟೆಡ್’ (ಅಸಾಧಾರಣ ಪ್ರತಿಭೆಯವಳು) ಅಂತ ಬಂದಿದೆ, ಈಗ ಅವರು ಎರಡು ವರ್ಷದ ಫೀಸು ಒಟ್ಟಿಗೆ ಕಟ್ಟಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಇಂಥ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಕಲಿಸುವವಳು. ನನ್ನ ಮಗನಿಗೂ ಕ್ಲಾಸ್ ಹುಡುಕಿದ್ದೇನೆ, ಹಾಗಾಗಿ ಎರಡೂ ಕಡೆ ಕೂತು ನೋಡಿದ ಅನುಭವ ಇದೆ.

ಮೊದಲು ಆ ಫೋನಿನ ವಿಷಯ. ಈಗ ಹಣ ಕಟ್ಟಬೇಡಿ. ಕೋರ್ಸ್ ಮಾರುವವರೇ ಪರೀಕ್ಷೆ ಮಾಡಿ, ಅವರೇ ಅಂಕ ಕೊಟ್ಟರೆ ಅದನ್ನ ನಂಬಿ ತೀರ್ಮಾನ ಮಾಡೋಕಾಗಲ್ಲ. ಹಾಗಂತ ನಿಮ್ಮ ಮಗಳು ಚುರುಕಲ್ಲ ಅಂತ ನಾನು ಹೇಳುತ್ತಿಲ್ಲ. ಅವಳು ಎಷ್ಟು ಮುಂದಿದ್ದಾಳೆ ಅನ್ನೋದು ಅವಳದೇ ತರಗತಿಯ ಮಟ್ಟದ ಪರೀಕ್ಷೆಯಲ್ಲಿ ಗೊತ್ತಾಗಲ್ಲ. ನೂರಕ್ಕೆ ನೂರು ತೆಗೆದ ಇಬ್ಬರಲ್ಲಿ ಒಬ್ಬಳು ಒಂದು ತರಗತಿ ಮುಂದಿರಬಹುದು, ಇನ್ನೊಬ್ಬಳು ನಾಲ್ಕು ತರಗತಿ ಮುಂದಿರಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಗಣಿತದಲ್ಲಿ ಮುಂದಿರುವ ಮಕ್ಕಳ ಅಧ್ಯಯನ ಶುರು ಮಾಡಿದಾಗ ಹಿಡಿದ ದಾರಿ ಇದಕ್ಕೇ: ಹನ್ನೆರಡು ಹದಿಮೂರು ವರ್ಷದವರಿಗೆ, ಹೈಸ್ಕೂಲು ಮುಗಿಸುವವರು ಬರೆಯುವ ಎಸ್‌ಎಟಿ ಪರೀಕ್ಷೆ ಕೊಟ್ಟರು. ಆಗ ಮಕ್ಕಳ ನಡುವಿನ ಅಂತರ ಕಣ್ಣಿಗೆ ಬಿತ್ತು. ನೀವೂ ಮನೆಯಲ್ಲಿ ಹೀಗೇ ನೋಡಬಹುದು. ಒಂದು ತರಗತಿ, ಎರಡು ತರಗತಿ ಮೇಲಿನ ಪುಸ್ತಕದ ಅಧ್ಯಾಯದ ಕೊನೆಯ ಲೆಕ್ಕಗಳನ್ನ ಕೊಡಿ. ಎಲ್ಲಿ ನಿಲ್ಲುತ್ತಾಳೋ ಅಲ್ಲಿಂದ ಮುಂದಕ್ಕೆ ಕಲಿಸುವವರು ನಿಮಗೆ ಬೇಕು.

ಇನ್ನು ಆಯ್ಕೆ. ನನ್ನ ಮಟ್ಟಿಗೆ ಕೇಳಬೇಕಾದ ದೊಡ್ಡ ಪ್ರಶ್ನೆ ಒಂದೇ: ಮಗು ಬರೆದದ್ದನ್ನ ಓದುವವರು ಯಾರು? ಸಿಲಬಸ್ ಎಷ್ಟು ತರಗತಿ ಮುಂದಿದೆ, ವಿಡಿಯೋ ಎಷ್ಟು ಚೆನ್ನಾಗಿದೆ ಅನ್ನೋದೆಲ್ಲ ಆಮೇಲೆ.

ಒಂದು ಲೆಕ್ಕ ಹೇಳುತ್ತೇನೆ. ಚೆಸ್ ಬೋರ್ಡಿನಲ್ಲಿ 64 ಮನೆ. ಓರೆಯಾಗಿ ಎದುರುಬದುರು ಇರುವ ಮೂಲೆಯ ಎರಡು ಮನೆ ಕತ್ತರಿಸಿ ತೆಗೆದರೆ 62 ಉಳಿಯುತ್ತವೆ. ಒಂದೊಂದು ಬಿಲ್ಲೆ ಅಕ್ಕಪಕ್ಕದ ಎರಡು ಮನೆ ಮುಚ್ಚುತ್ತೆ. 31 ಬಿಲ್ಲೆಗಳಿಂದ ಪೂರ್ತಿ ಬೋರ್ಡ್ ಮುಚ್ಚಬಹುದಾ? ಕಂಪ್ಯೂಟರೇ ತಿದ್ದುವ ಕೋರ್ಸಿನಲ್ಲಿ ಇದಕ್ಕೆ ‘ಹೌದು’, ‘ಇಲ್ಲ’ ಅಂತ ಎರಡು ಗುಂಡಿ ಇರುತ್ತವೆ. ಚುರುಕು ಮಗು ‘ಇಲ್ಲ’ ಒತ್ತುತ್ತೆ, ಹಸಿರು ಟಿಕ್ ಬರುತ್ತೆ, ಮುಂದಿನ ಲೆಕ್ಕ. ಆ ಮಗು ಏನೂ ಕಲಿಯಲಿಲ್ಲ. ಅದೇ ಲೆಕ್ಕ ನನ್ನ ಕ್ಲಾಸಿನಲ್ಲಿ ಬಂದಾಗ ಹೆಚ್ಚಿನ ಮಕ್ಕಳು ಬೋರ್ಡ್ ಬರೆದು, ಬಿಲ್ಲೆ ಜೋಡಿಸಿ, ನಾಲ್ಕೈದು ಸಲ ಸೋತು, ‘ಆಗಲ್ಲ ಮಿಸ್, ಎಷ್ಟು ಸಲ ಮಾಡಿದ್ರೂ ಆಗ್ಲಿಲ್ಲ’ ಅಂತ ಬರೆದು ಕಳಿಸುತ್ತವೆ. ನಾನು ‘ನೀನು ಇನ್ನೂ ನೋಡದೇ ಇರೋ ಜೋಡಣೆ ಒಂದು ಇದ್ದರೆ?’ ಅಂತ ಬರೆದು ವಾಪಸ್ ಕಳಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತೆ. ಬರಲಿ. ಕತ್ತರಿಸಿದ ಎರಡೂ ಮೂಲೆ ಒಂದೇ ಬಣ್ಣದವು, ಒಂದು ಬಿಲ್ಲೆ ಯಾವಾಗಲೂ ಒಂದು ಕಪ್ಪು ಒಂದು ಬಿಳಿ ಮುಚ್ಚುತ್ತೆ, ಉಳಿದಿರೋದು ಒಂದು ಬಣ್ಣದ 32, ಇನ್ನೊಂದರ 30, ಹಾಗಾಗಿ ಯಾರು ಎಷ್ಟು ಸಲ ಜೋಡಿಸಿದರೂ ಆಗಲ್ಲ ಅಂತ ಮಗು ತಾನಾಗೇ ಬರೆದು ಕಳಿಸೋಕೆ ಒಂದು ವಾರ ಹಿಡಿಯಬಹುದು. ನೀವು ಹಣ ಕೊಡಬೇಕಾದದ್ದು ಆ ವಾರಕ್ಕೆ.

ಆದ್ದರಿಂದ ಡೆಮೊ ಕ್ಲಾಸ್ ಜೊತೆಗೆ ತಿದ್ದಿದ ಉತ್ತರಪತ್ರಿಕೆಯ ಒಂದು ಮಾದರಿ ಕೇಳಿ. ಬರೀ ‘ವೆರಿ ಗುಡ್’, ‘ಎಕ್ಸಲೆಂಟ್’ ಇದ್ದರೆ ಅಲ್ಲಿಗೆ ಬಿಡಿ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ತಿದ್ದುವವರೂ ಕಲಿಸುವವರೂ ಒಬ್ಬರೇನಾ ಅಂತಲೂ ಕೇಳಿ. ಆರ್ಟ್ ಆಫ್ ಪ್ರಾಬ್ಲಂ ಸಾಲ್ವಿಂಗ್ ಅನ್ನೋ ಅಮೆರಿಕದ ಗಣಿತ ಸಂಸ್ಥೆಯವರ ಆನ್‌ಲೈನ್ ಕ್ಲಾಸ್‌ಗಳನ್ನ ನಾನು ಈ ಕಾರಣಕ್ಕೇ ಹೇಳುತ್ತಿರುತ್ತೇನೆ. ಅಲ್ಲಿ ವಿವರಿಸಿ ಬರೆಯಬೇಕಾದ ಲೆಕ್ಕಗಳನ್ನ ಮನುಷ್ಯರೇ ಓದಿ ಟಿಪ್ಪಣಿ ಕೊಡುತ್ತಾರೆ. ಆದರೆ ಆ ಕ್ಲಾಸ್ ನಡೆಯೋದು ಪೂರ್ತಿ ಟೈಪಿಂಗ್‌ನಲ್ಲಿ: ಶಿಕ್ಷಕರ ಮುಖವೂ ಕಾಣಲ್ಲ, ದನಿಯೂ ಕೇಳಲ್ಲ. ಟೈಪ್ ಮಾಡೋಕೆ ತಡವರಿಸುವ ಒಂಬತ್ತರ ಮಗು, ತಲೆಯಲ್ಲಿ ಉತ್ತರ ಇದ್ದೂ ಹಿಂದೆ ಬೀಳಬಹುದು.

ಈ ಮಾತನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಪಾಲಕರು ಎಡವೋದು ಹೆಚ್ಚಾಗಿ ಇಲ್ಲೇ. ಇಂಥ ಮಕ್ಕಳು ಎಲ್ಲದರಲ್ಲೂ ಒಂದೇ ಸಮ ಬೆಳೆದಿರಲ್ಲ. ಬೀಜಗಣಿತ ಹದಿಮೂರರ ಮಟ್ಟದಲ್ಲಿರುತ್ತೆ, ಕೈಬರಹ ಒಂಬತ್ತರದ್ದು, ಸೋತಾಗ ಅಳೋದು ಏಳರದ್ದು. ಹದಿಮೂರರವರ ಬ್ಯಾಚಿಗೆ ಹಾಕಿದರೆ ಪಾಠ ಹೊಂದುತ್ತೆ, ಒಂದೂವರೆ ಗಂಟೆ ಪರದೆ ಮುಂದೆ ಕೂರೋದು ಹೊಂದಲ್ಲ. ಪಾಠ ಮುಂದಿನ ತರಗತಿಯದ್ದೇ ಇರಲಿ, ಆದರೆ ಅವಧಿ ಚಿಕ್ಕದಾಗಿರಲಿ, ಸಾಧ್ಯವಾದರೆ ಜೊತೆಗೆ ಅವಳ ವಯಸ್ಸಿನವರೂ ಇರಲಿ. ತನ್ನ ಹಾಗೇ ಲೆಕ್ಕದ ಹುಚ್ಚಿರುವ ಇನ್ನೊಂದು ಮಗು ಸಿಕ್ಕಾಗ ಇವರ ಮುಖ ಅರಳೋದನ್ನ ನಾನು ಎಷ್ಟೋ ಸಲ ನೋಡಿದ್ದೇನೆ. ರೆಕಾರ್ಡೆಡ್ ಕೋರ್ಸಿನಲ್ಲಿ ಅದು ಸಿಗೋದೇ ಇಲ್ಲ.

ಬೇಗ ಬೇಗ ಮುಂದೆ ಹೋದರೆ ಮಗು ಕೆಡುತ್ತೆ ಅಂತ ಮನೆಯವರು ಹೆದರಿಸುತ್ತಾರೆ ಅಂದಿರಿ. ಸ್ಟ್ಯಾನ್ಲಿ ಶುರು ಮಾಡಿದ ಅಧ್ಯಯನ ಆ ಮಕ್ಕಳನ್ನ ದಶಕಗಳ ಕಾಲ, ನಡುವಯಸ್ಸಿನವರೆಗೂ ಹಿಂಬಾಲಿಸಿತು. ಮುಂದೆ ಹೋದದ್ದರಿಂದ ಅವರ ಮನಸ್ಸಿನ ಆರೋಗ್ಯಕ್ಕೆ ಪೆಟ್ಟು ಬಿದ್ದದ್ದು ಅದರಲ್ಲಿ ಕಂಡುಬಂದಿಲ್ಲ. ನನಗೆ ಇರುವ ಚಿಂತೆ ಬೇರೆ. ಸಂಜೆ ಆನ್‌ಲೈನ್‌ನಲ್ಲಿ ಎರಡು ತರಗತಿ ಮುಂದಿನದ್ದು ಕಲಿತು, ಬೆಳಿಗ್ಗೆ ಶಾಲೆಯಲ್ಲಿ ಹಳೆಯದನ್ನೇ ಕೇಳುತ್ತಾ ಕೂತರೆ ಬೇಸರ ಎರಡರಷ್ಟಾಗುತ್ತೆ. ಸೇರಿಸುವ ಮೊದಲೇ ಶಾಲೆಯವರ ಜೊತೆ ಮಾತಾಡಿ: ಕೆಲಸ ಮುಗಿದ ಮೇಲೆ ಅವಳದೇ ಲೆಕ್ಕ ಮಾಡಿಕೊಳ್ಳೋಕೆ ಬಿಡುತ್ತಾರಾ? ಬಿಡಲ್ಲ ಅಂದರೆ ಮುಂದಿನ ತರಗತಿಯ ಪಾಠಕ್ಕಿಂತ, ಶಾಲೆಯಲ್ಲಿ ಬರದೇ ಇರುವ ವಿಷಯ ಕೊಡೋದು ಒಳ್ಳೆಯದು. ಸಂಖ್ಯಾ ಸಿದ್ಧಾಂತ (ನಂಬರ್ ಥಿಯರಿ), ಎಣಿಕೆಯ ಲೆಕ್ಕಗಳು, ತರ್ಕ, ಪ್ರೋಗ್ರಾಮಿಂಗ್.

ಹಣ ಕಟ್ಟುವ ಮೊದಲು ಮೂರು ತಿಂಗಳು ಉಚಿತವಾದದ್ದರಲ್ಲೇ ನೋಡಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎನ್‌ರಿಚ್ ಅನ್ನೋ ಗಣಿತದ ವೆಬ್‌ಸೈಟಿನಲ್ಲಿ ವಯಸ್ಸಿಗೆ ತಕ್ಕ ಗಟ್ಟಿ ಲೆಕ್ಕಗಳಿವೆ. ಮಕ್ಕಳು ಕಳಿಸಿದ ಉತ್ತರಗಳಲ್ಲಿ ಕೆಲವನ್ನ ಅವರು ಪ್ರಕಟಿಸುತ್ತಾರೆ ಕೂಡ. ಆರ್ಟ್ ಆಫ್ ಪ್ರಾಬ್ಲಂ ಸಾಲ್ವಿಂಗ್‌ನ ಆಲ್ಕ್ಯುಮಸ್, ಅಂದರೆ ಮಗುವಿನ ಮಟ್ಟ ನೋಡಿ ಲೆಕ್ಕ ಕೊಡುತ್ತಾ ಹೋಗುವ ಅವರ ಆನ್‌ಲೈನ್ ಅಭ್ಯಾಸ, ಉಚಿತ. ಖಾನ್ ಅಕಾಡೆಮಿ ಬಿಟ್ಟುಹೋದ ಪಾಠ ತುಂಬಿಕೊಳ್ಳೋಕೆ ಒಳ್ಳೆಯದು, ಒದ್ದಾಡಿಸುವ ಲೆಕ್ಕಕ್ಕೆ ಸಾಲದು. ನೀವು ನೆನಪಿಸದೇ ಅವಳಾಗೇ ಎನ್‌ರಿಚ್ ತೆಗೆದು ಕೂರುತ್ತಾಳಾ, ಬಿಡಿಸೋಕಾಗದ ಲೆಕ್ಕಕ್ಕೆ ಮಾರನೇ ದಿನ ವಾಪಸ್ ಬರುತ್ತಾಳಾ ಅಂತ ಗಮನಿಸಿ. ಬಂದರೆ, ತಿದ್ದಿ ಹೇಳುವ ಶಿಕ್ಷಕರಿರುವ ಕ್ಲಾಸ್ ಹುಡುಕಿ ಒಂದು ಟರ್ಮಿಗೆ ಮಾತ್ರ ಕಟ್ಟಿ. ಬಾರದಿದ್ದರೆ ಗಣಿತದಲ್ಲಿ ಚುರುಕಿದ್ದರೂ ಅವಳ ಆಸೆ ಬೇರೆ ಎಲ್ಲೋ ಇರಬಹುದು. ಏನು ಇಷ್ಟ ಅಂತ ಅವಳನ್ನೇ ಕೇಳಿ, ಆಮೇಲೆ ಇಲ್ಲಿ ಬರೆಯಿರಿ. ಓದಿ ಉತ್ತರಿಸುತ್ತೇನೆ.