ಘಾಟಿ ಇಳಿಯುವ ಗೇರ್ ದೋಣಿಗಲ್‌ನಲ್ಲೇ ಬೀಳಬೇಕು

ಪ್ರಿಯ ಓದುಗ ಮಿತ್ರರೇ,

"ಹೆಸರು ಹಾಕಬೇಡಿ, ಓನರ್ ಓದಿದರೆ ಕಷ್ಟ" ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಹಾಕಿಲ್ಲ. ಆದರೆ ನೀವು ಕೇಳಿದ್ದೇನು ಎಂಬುದು ಉಳಿದ ಓದುಗರಿಗೂ ಗೊತ್ತಾಗಬೇಕಲ್ವಾ? ಅದಕ್ಕೇ ಇಷ್ಟು ಹೇಳುತ್ತೇನೆ. ನೀವು ಆರು ವರ್ಷ ಕ್ಲೀನರ್ ಆಗಿದ್ದವರು. ಈಗ ಹೆವಿ ಲೈಸೆನ್ಸ್ ಆಗಿದೆ. ಹಾಸನದ ಕಡೆಯಿಂದ ಮಂಗಳೂರಿಗೆ ಟೆನ್ ವೀಲರ್ ಲಾರಿ ಓಡಿಸುತ್ತಿದ್ದೀರಿ. ಸ್ಟೇರಿಂಗ್ ಕಲಿಸಿದ ಗುರುಗಳು "ಶಿರಾಡಿ ಇಳಿಯುವಾಗ ನ್ಯೂಟ್ರಲ್ ಮಾಡು, ಡೀಸೆಲ್ ಉಳಿಯುತ್ತೆ" ಅನ್ನುತ್ತಾರೆ. ಓನರ್ ಪ್ರತಿ ಟ್ರಿಪ್‌ಗೂ ಮೈಲೇಜ್ ಲೆಕ್ಕ ಕೇಳುತ್ತಾರೆ. ಟ್ರೈನಿಂಗ್‌ನಲ್ಲಿ ಮಾತ್ರ ಡಿಫೆನ್ಸಿವ್ ಡ್ರೈವಿಂಗ್ ಮಾಡಿ ಎಂದರು. "ಹೆದರಿಕೊಂಡು ಓಡಿಸೋದಕ್ಕೇ ಆ ಹೆಸರಾ ಸಾರ್? ನಿಧಾನಕ್ಕೆ ಇಳಿದರೆ ಹಿಂದಿನವರು ಹಾರ್ನ್ ಹೊಡೆದು ಬೈತಾರೆ. ಯಾರ ಮಾತು ಕೇಳಲಿ?" ಇದು ನಿಮ್ಮ ಪ್ರಶ್ನೆ. ಅಪಘಾತವಾದರೆ ಗಾಡಿ ಬಿಟ್ಟು ಓಡಬೇಕಾ ಎಂದೂ ಕೇಳಿದ್ದೀರಿ.

ಮೊದಲು ನ್ಯೂಟ್ರಲ್ ವಿಷಯ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮಾಡಬೇಡಿ. ನಿಮ್ಮ ಗುರುಗಳ ಅನುಭವವನ್ನು ನಾನು ಗೌರವಿಸುತ್ತೇನೆ. ಈ ಒಂದು ಮಾತನ್ನು ಮಾತ್ರ ಒಪ್ಪುವುದಿಲ್ಲ.

ಡೀಸೆಲ್ ಲೆಕ್ಕವನ್ನೇ ಹಿಡಿಯೋಣ. ಈಗಿನ ಬಿಎಸ್-4, ಬಿಎಸ್-6 (ಹೊಗೆ ಮಿತಿಯ ಮಾನದಂಡ) ಗಾಡಿಗಳಲ್ಲಿ ಗೇರ್ ಹಾಕಿಕೊಂಡು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದರೆ ಎಂಜಿನ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನೇ ಉರಿಯುತ್ತಿರಬೇಕು. ಅದಕ್ಕೆ ಡೀಸೆಲ್ ಬೇಕೇ ಬೇಕು. ಅಂದರೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ನೀವು ಡೀಸೆಲ್ ಉಳಿಸುತ್ತಿಲ್ಲ, ಖರ್ಚು ಮಾಡುತ್ತಿದ್ದೀರಿ. ಓನರ್‌ಗೆ ಇದನ್ನು ಧೈರ್ಯವಾಗಿ ಹೇಳಿ. ನಂಬದಿದ್ದರೆ ಅವರ ಮೆಕ್ಯಾನಿಕ್‌ನನ್ನೇ ಕೇಳಲಿ.

ಈಗ ಜೀವದ ಲೆಕ್ಕ. ಸಕಲೇಶಪುರ ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಗುಂಡ್ಯ ಘಾಟಿಯ ಬುಡದಲ್ಲಿದೆ. ಲೋಡ್ ಸೇರಿ 28 ಟನ್ ಇರುವ ಲಾರಿ ಬರೀ 100 ಮೀಟರ್ ಎತ್ತರ ಇಳಿದರೆ ಎಷ್ಟು ಶಕ್ತಿ ಬಿಡುಗಡೆಯಾಗುತ್ತದೆ ಗೊತ್ತಾ? ಸುಮಾರು 80 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಒಂದು ದೊಡ್ಡ ಸ್ನಾನದ ಹಂಡೆಯನ್ನು ನೆನಪಿಸಿಕೊಳ್ಳಿ. ಅದನ್ನು ಕುದಿಸಲು ಎಷ್ಟು ಸೌದೆ ಬೇಕು? ಶಿರಾಡಿಯಲ್ಲಿ ಅಂಥ 100 ಮೀಟರ್ ಐದಾರು ಸಲಕ್ಕೂ ಜಾಸ್ತಿ ಬರುತ್ತದೆ. ಆ ಕಾವೆಲ್ಲ ಎಲ್ಲಿಗಾದರೂ ಹೋಗಬೇಕು. ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್‌ನಿಂದಲೇ ವೇಗ ಇಳಿಸುವ ವ್ಯವಸ್ಥೆ) ತಿನ್ನುತ್ತವೆ. ನ್ಯೂಟ್ರಲ್‌ನಲ್ಲಿದ್ದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕ್ ಡ್ರಮ್ಮಿಗೇ ಬರುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ. ಡ್ರಮ್ಮಿಗೆ ಉಜ್ಜಿ ಹಿಡಿಯುವ ಲೈನರ್ ಹಿಡಿತ ಬಿಡುತ್ತದೆ. ನೀವು ಪೆಡಲ್ ಒತ್ತುತ್ತಲೇ ಇರುತ್ತೀರಿ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ. ಪದೇ ಪದೇ ಒತ್ತಿದರೆ ಬ್ರೇಕ್ ಹಿಡಿಸುವ ಏರ್ ಕೂಡ ಇಳಿಯುತ್ತದೆ, ಏಕೆಂದರೆ ಐಡ್ಲಿಂಗ್‌ನಲ್ಲಿ ಅದನ್ನು ಕಂಪ್ರೆಸರ್ ನಿಧಾನಕ್ಕೆ ತುಂಬಿಸುತ್ತದೆ. ಆಗ ಗಾಬರಿಯಿಂದ ಗೇರ್ ಹಾಕಲು ಹೋದರೆ ಆ ವೇಗಕ್ಕೆ ಗೇರ್ ಬೀಳುವುದಿಲ್ಲ. "ಬ್ರೇಕ್ ಫೇಲ್" ಎಂದು ಪೇಪರಿನಲ್ಲಿ ಓದುತ್ತೀವಲ್ಲ, ಅವುಗಳಲ್ಲಿ ಎಷ್ಟೋ ಇಂಥವೇ ಇರಬೇಕು ಎಂಬುದು ನನ್ನ ನಂಬಿಕೆ. ಬ್ರೇಕ್ ತಾನಾಗಿ ಕೈಕೊಟ್ಟಿರುವುದಿಲ್ಲ. ಅದರ ಮೇಲೆ ಹೊರಲಾರದಷ್ಟು ಹೊರಿಸಿರುತ್ತೇವೆ.

ಹಾಗಾದರೆ ಏನು ಮಾಡಬೇಕು? ಹಳೆಯ ಡ್ರೈವರುಗಳ ಒಂದು ಲೆಕ್ಕ ಇದೆ: ಹತ್ತುವ ಗೇರಿನಲ್ಲೇ ಇಳಿ. ಅದೇ ಲೋಡಿಗೆ ಆ ಏರನ್ನು ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರು, ಅನುಮಾನವಿದ್ದರೆ ಇನ್ನೊಂದು ಕೆಳಗೆ. ಮತ್ತು ಆ ಗೇರು ಬೀಳಬೇಕಾದ್ದು ಮೇಲೆ, ದೋಣಿಗಲ್‌ನಲ್ಲಿ, ಇಳಿಜಾರು ಶುರುವಾಗುವ ಮೊದಲು. ಮಾರನಹಳ್ಳಿ ದಾಟಿದ ಮೇಲೆ ತಿರುವಿನಲ್ಲಿ ಯೋಚಿಸಿದರೆ ತಡವಾಯಿತು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ 40ಕ್ಕೆ ಏರಿತಾ, ಗಟ್ಟಿಯಾಗಿ ಒತ್ತಿ 30ಕ್ಕೆ ತನ್ನಿ. ಆಮೇಲೆ ಪೂರ್ತಿ ಬಿಡಿ. ಡ್ರಮ್ಮಿಗೆ ಉಸಿರಾಡಲು ಸಮಯ ಸಿಗುತ್ತದೆ. ಖಾಲಿ ಗಾಡಿಯಲ್ಲಿ, ಜುಲೈ ಮಳೆಯಲ್ಲಿ, ಒದ್ದೆ ಕಾಂಕ್ರೀಟ್ ಮೇಲೆ ಇಳಿಯುವಾಗ ಎಕ್ಸಾಸ್ಟ್ ಬ್ರೇಕನ್ನು ಹುಷಾರಾಗಿ ಬಳಸಿ, ಹಿಂದಿನ ಚಕ್ರ ಜಾರಬಹುದು. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಆರುವ ತನಕ ಕಾಯಿರಿ. ಕಾದ ಡ್ರಮ್ಮಿಗೆ ಕೊಡಗಟ್ಟಲೆ ನೀರು ಸುರಿಯುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ, ಡ್ರಮ್ ಬಿರುಕು ಬಿಡುತ್ತದೆ.

ಹಿಂದಿನವರು ಹಾರ್ನ್ ಹೊಡೆಯಲಿ. ಅವರ ಹಿಂದೆ 28 ಟನ್ ಇಲ್ಲ. ಜಾಗ ಸಿಕ್ಕಲ್ಲಿ ಎಡಕ್ಕೆ ಸರಿದು ಬಿಟ್ಟುಕೊಡಿ, ಅಷ್ಟೇ.

ಇನ್ನು ಡಿಫೆನ್ಸಿವ್ ಡ್ರೈವಿಂಗ್ ಅಂದರೆ ಹೆದರಿಕೆಯಾ ಎಂಬ ಪ್ರಶ್ನೆ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಎದುರಿನವನು ತಪ್ಪು ಮಾಡೇ ಮಾಡುತ್ತಾನೆ ಎಂದು ಮೊದಲೇ ಎಣಿಸಿ, ಆ ತಪ್ಪಿಗೆ ಜಾಗ ಇಟ್ಟುಕೊಂಡು ಓಡಿಸುವುದು. 80ರ ವೇಗದಲ್ಲಿ ನಿಮ್ಮ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮುಂದಿನ ಗಾಡಿ ಒಂದು ಮರ ದಾಟಿದ ಮೇಲೆ ನೀವು ಆ ಮರ ತಲುಪಲು ನಾಲ್ಕು ಸೆಕೆಂಡ್ ಆಗಬೇಕು. ಮಳೆಯಲ್ಲಿ ಇನ್ನೂ ಜಾಸ್ತಿ. ಆ ಜಾಗಕ್ಕೆ ಕಾರಿನವನು ನುಗ್ಗುತ್ತಾನೆ, ನಿಜ. ನುಗ್ಗಲಿ. ಮತ್ತೆ ಅಷ್ಟೇ ಜಾಗ ಬಿಡಿ. ಊರೊಳಗೆ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಅಲ್ಲೇ ಸ್ಕೂಟರಿನವರು ನುಸುಳುವುದು. ಕ್ಲೀನರ್ ಆಗಿ ಎಡಗಡೆ ಕೂತು ಆರು ವರ್ಷ ನೀವೇ ಇದನ್ನು ನೋಡಿದ್ದೀರಿ.

ನಾನು ಜಾಸ್ತಿ ಹೇಳಬೇಕೆಂದಿರುವುದು ಬೆಳಗಿನ ಜಾವದ ಬಗ್ಗೆ. ಎರಡು ಘಟನೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಹತ್ತಿರ ನಿಂತಿದ್ದ ಲಾರಿಗೆ ಟಿಟಿ (ಟೆಂಪೊ ಟ್ರಾವೆಲರ್) ಗುದ್ದಿತು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದ 13 ಮಂದಿ ಹೋದರು. 2025ರ ಜನವರಿ 22ರಂದು, ಅದೂ ನಸುಕಿನಲ್ಲೇ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರದ ಗುಳ್ಳಾಪುರ ಹತ್ತಿರ ಕಂದಕಕ್ಕೆ ಉರುಳಿತು. ಇನ್ನೊಂದು ವಾಹನಕ್ಕೆ ಸೈಡ್ ಕೊಡಲು ಎಡಕ್ಕೆ ಸರಿದಾಗ ಹೀಗಾಯಿತು ಎಂದು ಪೊಲೀಸರು ಆಗ ಹೇಳಿದ್ದರು. ಲೋಡಿನ ಜೊತೆಯಲ್ಲೇ ಪ್ರಯಾಣ ಮಾಡುತ್ತಿದ್ದ 10 ಮಂದಿ ವ್ಯಾಪಾರಿಗಳು ಸತ್ತರು.

ಯಾರ ತಪ್ಪು ಎಂದು ತೀರ್ಪು ಕೊಡಲು ಇವನ್ನು ಹೇಳುತ್ತಿಲ್ಲ. ಲಾರಿ ಎಲ್ಲಿ ನಿಲ್ಲಬೇಕು, ಲೋಡಿನ ಮೇಲೆ ಯಾರು ಕೂರಬಾರದು, ಈ ಪ್ರಶ್ನೆಗಳಿಗೆ ಉತ್ತರ ಕತ್ತಲಾಗುವ ಮೊದಲೇ ಸಿಕ್ಕಿರಬೇಕು. ಗಾಡಿ ಕೆಟ್ಟರೆ ಆದಷ್ಟು ರಸ್ತೆಯಿಂದ ಇಳಿಸಿ. ಇಳಿಸಲು ಆಗದಿದ್ದರೆ ನಾಲ್ಕೂ ಇಂಡಿಕೇಟರ್ ಹಾಕಿ, ರಿಫ್ಲೆಕ್ಟರ್ ತ್ರಿಕೋನವನ್ನು ಬಹಳ ಹಿಂದೆ ಇಡಿ. ಹೈವೇಯಲ್ಲಿ 1033ಕ್ಕೆ ಫೋನ್ ಮಾಡಿ. ಹಿಂದಿನ ಕೆಂಪು ಟೇಪಿನ ಮೇಲಿನ ಮಣ್ಣನ್ನು ದಿನಾ ಸಂಜೆ ಒಂದು ಬಟ್ಟೆಯಲ್ಲಿ ಒರೆಸಿ. ಎರಡು ನಿಮಿಷದ ಕೆಲಸ. ಟಯರಿಗೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಟ್ಟು ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಆಮೇಲೆ ಬರುವ ಬೈಕಿನವನಿಗೆ ಆ ಕಲ್ಲು ಕಾಣುವುದಿಲ್ಲ.

ನಿದ್ದೆಯೂ ಹಾಗೆಯೇ. ರಾತ್ರಿ ಎರಡರಿಂದ ಐದರ ತನಕ ಮೈ ನಿದ್ದೆ ಕೇಳುವ ಹೊತ್ತು. ಟೀ ಕುಡಿದರೂ, ಮುಖ ತೊಳೆದರೂ, ಹಾಡು ಜೋರು ಮಾಡಿದರೂ ಅದು ಹೋಗುವುದಿಲ್ಲ. 60ರ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 65 ಮೀಟರ್‌ಗೂ ಜಾಸ್ತಿ ಡ್ರೈವರ್ ಇಲ್ಲದೆ ಹೋಗಿರುತ್ತದೆ. ಎಲ್ಲಿ ನಿಲ್ಲಿಸಿ ಮಲಗುತ್ತೇನೆ ಎಂಬುದನ್ನು ರಾತ್ರಿ ಊಟಕ್ಕೆ ಕೂತಾಗಲೇ ನಿಶ್ಚಯ ಮಾಡಿ. ಮೂರು ಗಂಟೆಗೆ ನಿಶ್ಚಯ ಮಾಡುತ್ತೇನೆ ಅಂದರೆ, ಆಗ ನಿಶ್ಚಯ ಮಾಡುವ ತಲೆಯೇ ಮಲಗಿರುತ್ತದೆ.

"ಓನರ್ ಒಪ್ಪಬೇಕಲ್ಲ" ಅನ್ನುತ್ತೀರಿ, ನನಗೆ ಗೊತ್ತು. ಇದು ನಿಮ್ಮೊಬ್ಬರ ಮೇಲೆ ಹಾಕುವ ಹೊರೆ ಅಲ್ಲವೇ ಅಲ್ಲ. 1961ರಲ್ಲೇ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆಯಿತು. 5 ಗಂಟೆಗಿಂತ ಜಾಸ್ತಿ ಒಂದೇ ಸಮನೆ ಕೆಲಸ ಬೇಡ, ನಡುವೆ ಅರ್ಧ ಗಂಟೆ ವಿರಾಮ ಇರಲಿ ಎಂದಿತು. ಅರವತ್ತು ವರ್ಷ ದಾಟಿದರೂ ಬಾಡಿಗೆ ಮಾತಾಡುವಾಗ ಈ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ಒಳ್ಳೆಯದೇ. ಆದರೆ ನೀವು ಕೂರುವುದು ಹಳೆಯ ಗಾಡಿಯಲ್ಲಿ, ಎಂಜಿನ್ ಬಿಸಿಯ ಪಕ್ಕದಲ್ಲಿ. ಲೋಡ್ ಕಳಿಸುವ ಫ್ಯಾಕ್ಟರಿಯವರು, ವರ್ತಕರು ಈ ಪತ್ರಿಕೆಯನ್ನು ಓದುತ್ತಾರೆ. ಅವರಲ್ಲಿ ನನ್ನ ವಿನಂತಿ: "ಬೆಳಿಗ್ಗೆ ಆರಕ್ಕೆ ಗಾಡಿ ಗೇಟಿನಲ್ಲಿರಬೇಕು" ಎನ್ನುವ ಮೊದಲು, ಆ ಡ್ರೈವರ್ ಎಷ್ಟು ಹೊತ್ತಿಗೆ ಮಲಗಬೇಕಾಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ.

ಕೊನೆಯ ಪ್ರಶ್ನೆ. ಅಪಘಾತವಾದರೆ ಓಡಬೇಡಿ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಡ್ರೈವರ್ ಎಲ್ಲ ಪ್ರಯತ್ನ ಮಾಡಬೇಕು ಎನ್ನುತ್ತದೆ. ಜನ ರೊಚ್ಚಿಗೆದ್ದು ನಿಲ್ಲಲು ಸಾಧ್ಯವಾಗದಿದ್ದರೆ ಅದನ್ನೂ ಕಾಯ್ದೆ ಒಪ್ಪುತ್ತದೆ. ಆದರೆ ಪೊಲೀಸರಿಗೆ ತಿಳಿಸಲೇಬೇಕು. ಜೀವ ಉಳಿಸಿಕೊಳ್ಳಲು ಪಕ್ಕಕ್ಕೆ ಹೋದರೂ 108ಕ್ಕೆ, 112ಕ್ಕೆ ಫೋನ್ ಮಾಡಿ, ನೇರ ಹತ್ತಿರದ ಠಾಣೆಗೆ ಹೋಗಿ. ಬಿದ್ದವನಿಗೆ ಆ ಒಂದು ಫೋನ್‌ನಿಂದ ಜೀವ ಉಳಿಯಬಹುದು.

ಗುರುಗಳಿಗೆ ಎದುರು ಮಾತಾಡುವುದು ಕಷ್ಟ ಎಂದಿದ್ದೀರಿ. ಮಾತಾಡಬೇಡಿ, ತೋರಿಸಿ. ಮುಂದಿನ ಟ್ರಿಪ್‌ನಲ್ಲಿ ದೋಣಿಗಲ್‌ನಲ್ಲೇ ಗೇರ್ ಇಳಿಸಿಕೊಂಡು, ಎಕ್ಸಾಸ್ಟ್ ಬ್ರೇಕಿನಲ್ಲಿ ನಿಧಾನಕ್ಕೆ ಇಳಿಯಿರಿ. ಗುಂಡ್ಯದಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಚಕ್ರದ ಹತ್ತಿರ ಹೋಗಿ. ಡ್ರಮ್ ಮುಟ್ಟಬೇಡಿ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಿರಿ. ಗುರುಗಳು ಇಳಿಸಿಕೊಂಡು ಬಂದ ಗಾಡಿ ಸಿಕ್ಕಿದ ದಿನ ಅಲ್ಲೂ ಹಾಗೇ ಕೈ ಹಿಡಿದು ನೋಡಿ, ಅವರ ಕೈಯನ್ನೂ ಹಿಡಿಸಿ. ಅವರು ಏನಂದರು ಎಂದು ನನಗೆ ಬರೆಯಿರಿ.

ನಿಮ್ಮ,
ಸಂಪಾದಕ